ಲಾರಿಯ ಮುಂಭಾಗ ಎಡಕ್ಕೆ ಕುಸಿದಿದೆ: ಮೊದಲು ಕಮಾನೋ, ಅಲೈನ್‌ಮೆಂಟೋ?

ತೋಟಗಾರ, ಸುಂಟಿಕೊಪ್ಪ

ಎಲ್ಲ ಸದಸ್ಯರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ಆರು ಟೈರಿನ ಹಳೆಯ ಚಿಕ್ಕ ಲಾರಿಯೊಂದಿದೆ. ಮುಂದೆ ಎರಡು ಚಕ್ರಗಳಿಗೂ ಒಂದೇ ಗಟ್ಟಿ ಆಕ್ಸಲ್, ಎರಡೂ ಬದಿಗೆ ಭಾರ ಹೊರುವ ಕಮಾನು, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪ್ಲೇಟ್‌ಗಳು, ಪವರ್ ಸ್ಟಿಯರಿಂಗ್ ಇಲ್ಲ. ಗೊಬ್ಬರ ಮತ್ತು ಸುಣ್ಣ ತರುವುದು, ಕೊಯ್ಲಿನ ಕಾಲದಲ್ಲಿ ಕಾಫಿ ಮೂಟೆಗಳನ್ನು ಕುಶಾಲನಗರದ ಕ್ಯೂರಿಂಗ್ ವರ್ಕ್ಸಿಗೆ ಸಾಗಿಸುವುದು ಇದರ ಮುಖ್ಯ ಕೆಲಸ. ಕಳೆದ ಮಳೆಗಾಲ ಮುಗಿದ ಮೇಲೆ ಮುಂದಿನ ಎಡಬದಿ ತಗ್ಗಿದಂತೆ ಕಾಣತೊಡಗಿತು. ಖಾಲಿ ಲಾರಿಯನ್ನು ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ನಿಲ್ಲಿಸಿ, ಎರಡೂ ಟೈರುಗಳ ಗಾಳಿಯನ್ನು ಸಮ ಮಾಡಿ, ಆಕ್ಸಲ್‌ನಿಂದ ಚಾಸಿಯ (ಗಾಡಿಯ ಅಡಿಚೌಕಟ್ಟಿನ) ಕೆಳಅಂಚಿಗೆ ಅಳೆದು ನೋಡಿದಾಗ ಬಲಕ್ಕಿಂತ ಎಡಕ್ಕೆ 34 ಮಿ.ಮೀ. ಕಡಿಮೆ ಬಂದಿದೆ.

ಸ್ಟಿಯರಿಂಗ್ ಸದಾ ಎಡಕ್ಕೆ ಎಳೆಯುತ್ತದೆ. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳುವುದೂ ಇಲ್ಲ. ಎಡ ಟೈರಿನ ಹೊರಅಂಚು ಬೇಗ ಸವೆಯುತ್ತಿರುವುದರಿಂದ ಊರಿನ ಹೊರಗಿನ ಒಂದು ಅಂಗಡಿಯಲ್ಲಿ ಚಕ್ರಗಳ ದಿಕ್ಕು ಹೊಂದಿಸುವ ಅಲೈನ್‌ಮೆಂಟ್ ಮಾಡಿಸಿದೆವು. ಅಲ್ಲಿ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ತಿರುಗಿಸಿ ಟೋ (ಆ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಅಳತೆ) ಸರಿ ಮಾಡಿಕೊಟ್ಟರೇ ಹೊರತು ಕಮಾನಿನ ಕಡೆ ಯಾರೂ ನೋಡಲಿಲ್ಲ. ಎಳೆತ ಹಾಗೆಯೇ ಉಳಿದಿದೆ. ರೋಬಸ್ಟಾ ಕೊಯ್ಲು ಆರಂಭವಾಗುವ ಮೊದಲು ಇದನ್ನು ಸರಿಯಾಗಿ ಮುಗಿಸಬೇಕು. ಎಡಬದಿಗೆ ಒಂದು ಪ್ಲೇಟ್ ಹೆಚ್ಚು ಹಾಕಿಸಿದರೆ ಸಾಕೆಂದು ಒಬ್ಬರು, ಶಾಕ್ ಅಬ್ಸಾರ್ಬರ್ ಬದಲಿಸಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಅನುಭವಸ್ಥರು ದಯವಿಟ್ಟು ದಾರಿ ತೋರಿಸಬೇಕು.

ನಿವೃತ್ತ ಮೆಕ್ಯಾನಿಕ್, ಮಡಿಕೇರಿ

ನಮಸ್ಕಾರ. ಗಾಳಿ ಸಮ ಮಾಡಿ, ಸಮತಟ್ಟಾದ ನೆಲದಲ್ಲಿ, ಖಾಲಿ ಗಾಡಿಯಲ್ಲಿ ಅಳೆದಿರುವುದು ತುಂಬ ಒಳ್ಳೆಯದಾಯಿತು. ಹಾಗೆ ತೆಗೆದ ಅಳತೆಯನ್ನು ನಂಬಿ ಮಾತನಾಡಬಹುದು.

ಮೊದಲು ಶಾಕ್ ಅಬ್ಸಾರ್ಬರ್ ವಿಚಾರ ಮುಗಿಸಿಬಿಡೋಣ. ಗಾಡಿಯ ಭಾರವನ್ನು ಹೊರುವುದು ಕಮಾನು; ಶಾಕ್ ಅಬ್ಸಾರ್ಬರ್ ಆ ಕಮಾನಿನ ಕುಣಿತವನ್ನು ತಡೆಯುತ್ತದೆ, ಅಷ್ಟೆ. ಎಣ್ಣೆ ಸೋರಿ ಸತ್ತುಹೋದ ಶಾಕ್ ಅಬ್ಸಾರ್ಬರ್‌ನಿಂದ ಗಾಡಿ ಕುಲುಕಾಡುತ್ತದೆ, ಟೈರಿನಲ್ಲಿ ಅಲ್ಲಲ್ಲಿ ಗುಳಿ ಬೀಳುತ್ತದೆ. ಆದರೆ 34 ಮಿ.ಮೀ. ಎತ್ತರ ಅದರಿಂದ ಇಳಿಯುವುದಿಲ್ಲ. ಹೊಸದನ್ನು ಹಾಕಿದರೆ ಮೇಲೇಳುವುದೂ ಇಲ್ಲ.

ಇನ್ನು ಅಲೈನ್‌ಮೆಂಟ್ ಏಕೆ ಫಲ ಕೊಡಲಿಲ್ಲ ಎಂಬುದನ್ನು ನೋಡಿ. ಗಟ್ಟಿ ಆಕ್ಸಲ್ ಇರುವ ಲಾರಿಯಲ್ಲಿ ಎರಡು ಚಕ್ರಗಳನ್ನೂ ಒಂದೇ ಟೈ ರಾಡ್ ಹಿಡಿದಿರುವುದರಿಂದ, ಕಮಾನು ಕುಸಿದ ಮಾತ್ರಕ್ಕೆ ಟೋ ಹೆಚ್ಚೇನೂ ಬದಲಾಗುವುದಿಲ್ಲ. ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ ಕೂಡ ಆಕ್ಸಲ್ ಬೀಮ್ ಮತ್ತು ಚಕ್ರ ಎಡಬಲಕ್ಕೆ ತಿರುಗುವ ಗೂಟವಾದ ಕಿಂಗ್ ಪಿನ್‌ಗೆ ಸೇರಿದ ವಿಷಯ. ಕಮಾನು ಕುಸಿದರೆ ಕೆಡುವುದು ಬೇರೆ ಎರಡು ಸಂಗತಿಗಳು. ಒಂದು, ಕ್ಯಾಸ್ಟರ್, ಅಂದರೆ ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ. ತಿರುವಿನ ನಂತರ ಸ್ಟಿಯರಿಂಗನ್ನು ನೇರಕ್ಕೆ ತರುವುದು ಇದೇ. ಚಾಸಿಯ ಮೂತಿ ಕೆಳಗಿಳಿದಷ್ಟೂ ಇದು ಕಡಿಮೆಯಾಗುತ್ತದೆ. ವೀಲ್‌ಬೇಸ್ 3 ಮೀಟರ್ ಇರುವ ಗಾಡಿಯ ಮುಂಭಾಗ 40 ಮಿ.ಮೀ. ಇಳಿದರೆ ಸುಮಾರು ಮುಕ್ಕಾಲು ಡಿಗ್ರಿ ಹೋಗುತ್ತದೆ; ಇರುವುದೇ ಎರಡು ಮೂರು ಡಿಗ್ರಿಯಾದರೆ ಇದು ಸಣ್ಣ ನಷ್ಟವಲ್ಲ.

ಎರಡನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಬಾಗಿದ ಪ್ಲೇಟ್ ಚಪ್ಪಟೆಯಾದರೆ ಅದರ ಎರಡು ತುದಿಗಳ ನಡುವಿನ ಅಂತರ ಹೆಚ್ಚುತ್ತದೆ. ಮುಂದಿನ ತುದಿ ಪಿನ್ನಿನಿಂದ ಚಾಸಿಗೆ ಕಟ್ಟಿಕೊಂಡಿದ್ದು, ಹಿಂದಿನ ತುದಿ ತೂಗು ಕೊಂಡಿಯಾದ ಶ್ಯಾಕಲ್‌ನಲ್ಲಿ ತೂಗಾಡುವಂತಿದ್ದರೆ, ಹೆಚ್ಚಿದ ಉದ್ದಕ್ಕೆ ತಕ್ಕಂತೆ ಆಕ್ಸಲ್ ಹಿಂದಕ್ಕೆ ಸರಿಯಲೇಬೇಕು. ಪಿನ್ನಿನಿಂದ, ಪ್ಲೇಟುಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟಿನವರೆಗೆ 500 ಮಿ.ಮೀ. ಇರುವ ಪ್ಲೇಟಿನ ಬಾಗು 90 ಮಿ.ಮೀ.ನಿಂದ 60ಕ್ಕೆ ಇಳಿದರೆ ಆಕ್ಸಲ್ ಸುಮಾರು 6 ಮಿ.ಮೀ. ಹಿಂದೆ ಹೋಗುತ್ತದೆ. ಎಡಬದಿ ಮಾತ್ರ ಕುಸಿದಿದ್ದರೆ ಎಡ ಚಕ್ರ ಮಾತ್ರ ಹಿಂದೆ ನಿಲ್ಲುತ್ತದೆ, ಇಡೀ ಆಕ್ಸಲ್ ಎಡಕ್ಕೆ ತಿರುಗಿ ಕೂರುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಟೈ ರಾಡನ್ನು ಎಷ್ಟು ತಿರುಗಿಸಿದರೂ ಈ ಎಳೆತ ಹೋಗದು.

ಆದ್ದರಿಂದ ಎರಡೂ ಬದಿಯಲ್ಲಿ ಕಮಾನಿನ ಮುಂದಿನ ಪಿನ್ನಿನ ನಡುವಿನಿಂದ ಆಕ್ಸಲ್‌ನ ನಡುವಿಗೆ ಇರುವ ದೂರವನ್ನು ಅಳೆದು ತಿಳಿಸಿ. ಉಳಿದ ಮಾತು ಆಮೇಲೆ.

ಘಾಟಿ ಚಾಲಕ, ಸಂಪಾಜೆ

ಎಡಬದಿಯೇ ಮೊದಲು ಕುಸಿಯುವುದನ್ನು ನಾನು ಅನೇಕ ಲಾರಿಗಳಲ್ಲಿ ಕಂಡಿದ್ದೇನೆ. ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತವೆ, ನಾವು ಎಡಕ್ಕೆ ನಡೆಸುವುದರಿಂದ ಭಾರ ಯಾವಾಗಲೂ ಎಡ ಚಕ್ರದ ಕಡೆಗೆ ವಾಲಿರುತ್ತದೆ. ಕೊಡಗಿನಲ್ಲಿ ಅದರ ಮೇಲೆ ಇನ್ನೊಂದು ಕಷ್ಟವಿದೆ. ತೋಟದ ರಸ್ತೆಗಳಲ್ಲಿ ಎದುರು ಬಂದ ಗಾಡಿಗೆ ದಾರಿ ಬಿಡುವಾಗ ಎಡ ಚಕ್ರವೇ ಟಾರಿನಿಂದ ಕೆಳಗಿಳಿಯಬೇಕು. ಮಳೆಯಲ್ಲಿ ಅಂಚಿನ ಮಣ್ಣು ಕೊಚ್ಚಿಹೋಗಿ ಟಾರಿನ ಮಟ್ಟಕ್ಕೂ ಪಕ್ಕದ ಮಣ್ಣಿಗೂ ನಡುವೆ ಗೇಣುದ್ದದ ಮೆಟ್ಟಿಲು ಉಂಟಾಗಿರುತ್ತದೆ. ಭಾರ ತುಂಬಿದ ಲಾರಿ ಅದರೊಳಕ್ಕೆ ಧಡಕ್ಕನೆ ಇಳಿದಾಗ ಪೆಟ್ಟು ಬೀಳುವುದು ಎಡ ಕಮಾನಿಗೆ.

ಘಾಟಿ ಇಳಿಯುವಾಗ ಮುಂದಿನ ಕಮಾನು ಪಡುವ ಪಾಡನ್ನೂ ಗಮನಿಸಬೇಕು. ಮಡಿಕೇರಿಯಿಂದ ಸಂಪಾಜೆಗೆ, ಇಲ್ಲವೇ ಪೆರುಂಬಾಡಿಯಿಂದ ಮಾಕುಟ್ಟದ ಕಡೆಗೆ ಇಳಿಯುವಾಗ ಪ್ರತಿ ತಿರುವಿನಲ್ಲೂ ಬ್ರೇಕ್ ಬೀಳುತ್ತದೆ. ಪ್ರತಿ ಬ್ರೇಕಿಗೂ ಗಾಡಿಯ ಭಾರ ಮುಂದಕ್ಕೆ ಎರಗುತ್ತದೆ. ಕೆಳಗಿನ ಗೇರಿನಲ್ಲಿ, ಎಂಜಿನ್ ಹಿಡಿತದಲ್ಲಿ ಇಳಿಸುವ ಚಾಲಕನ ಗಾಡಿಯ ಬ್ರೇಕ್ ಮಾತ್ರವಲ್ಲ, ಕಮಾನೂ ಹೆಚ್ಚು ಕಾಲ ಉಳಿಯುತ್ತದೆ. ರೈಲು ಮಾರ್ಗವೇ ಇಲ್ಲದ ಜಿಲ್ಲೆ ನಮ್ಮದು. ಕಾಫಿ, ಮೆಣಸು, ಮರ, ಸಿಮೆಂಟ್ ಎಲ್ಲವೂ ಕಮಾನಿನ ಮೇಲೆಯೇ ಹತ್ತಿ ಇಳಿಯಬೇಕು. ಚಾಲಕರಿಗೆ ಇದನ್ನು ಕಲಿಸುವುದು ಮಾಲೀಕರ ಹೊಣೆ ಎಂದು ನಾನು ನಂಬಿದ್ದೇನೆ.

ಕಮಾನು ಕೆಲಸದವನು, ಕುಶಾಲನಗರ

ತೋಟಗಾರರೇ, ಪ್ಲೇಟ್ ಹೆಚ್ಚಿಸುವ ಮುನ್ನ ಯಾವ ಪ್ಲೇಟಿಗೆ ಏನಾಗಿದೆ ಎಂದು ತಿಳಿಯಬೇಕು. ಕುಸಿದ ಕಮಾನುಗಳಲ್ಲಿ ಒಂದು ಪ್ಲೇಟ್ ಒಳಗೊಳಗೇ ಮುರಿದಿರುವುದು ಅಪರೂಪವೇನಲ್ಲ. ಕೆಸರು ಮೆತ್ತಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಕಮಾನನ್ನು ನೀರು ಹೊಡೆದು ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಪ್ರತಿ ಪ್ಲೇಟಿನ ಅಂಚನ್ನು ಟಾರ್ಚಿನ ಬೆಳಕಿನಲ್ಲಿ ತುದಿಯಿಂದ ತುದಿಗೆ ನೋಡಿ. ಮುರಿದ ಜಾಗದಲ್ಲಿ ಕೆಂಪು ತುಕ್ಕಿನ ಗೆರೆಯೊಂದು ಅಡ್ಡಲಾಗಿ ಕಾಣಿಸುತ್ತದೆ. ಪ್ಲೇಟಿನ ತುದಿಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ, ಅಥವಾ ಬೀಸಣಿಗೆಯಂತೆ ಅಕ್ಕಪಕ್ಕಕ್ಕೆ ಹರಡಿವೆಯೇ ಎಂಬುದನ್ನೂ ನೋಡಿ. ಹರಡಿದ್ದರೆ ಕ್ಲಿಪ್ ಹೋಗಿದೆ, ಇಲ್ಲವೇ ಸೆಂಟರ್ ಬೋಲ್ಟ್ ಕಟ್ಟಾಗಿದೆ.

ಮುರಿದ ಜಾಗವೇ ಕಾರಣವನ್ನು ಹೇಳುತ್ತದೆ. ಸೆಂಟರ್ ಬೋಲ್ಟಿನ ತೂತಿನಲ್ಲೇ ಮುರಿದಿದ್ದರೆ ಯು ಬೋಲ್ಟ್ ಸಡಿಲವಿತ್ತು ಎಂದು ತಿಳಿಯಬೇಕು. ಆಕ್ಸಲ್ಲನ್ನು ಕಮಾನಿಗೆ ಕಚ್ಚಿ ಹಿಡಿಯುವುದು ಯು ಬೋಲ್ಟಿನ ಬಿಗಿ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ಗುಳಿಯಲ್ಲಿ ಕೂತು ಜಾಗವನ್ನು ಮಾತ್ರ ತೋರಿಸುತ್ತದೆ. ಯು ಬೋಲ್ಟ್ ಸಡಿಲವಾದರೆ ಬ್ರೇಕಿನ ಎಳೆತವೆಲ್ಲ ಆ ಸಣ್ಣ ಬೋಲ್ಟಿನ ಮೇಲೆ ಬಿದ್ದು ಅದು ಕತ್ತರಿಸಿಹೋಗುತ್ತದೆ, ಆಕ್ಸಲ್ ಸರಿಯುತ್ತದೆ. ಯು ಬೋಲ್ಟಿನ ಅಂಚಿನಿಂದ ಆಚೆಗೆ ಅಥವಾ ಕಣ್ಣಿನ ಹತ್ತಿರ ಮುರಿದಿದ್ದರೆ ಹೆಚ್ಚಿನ ಭಾರವನ್ನೋ, ತುಕ್ಕಿನ ಗುಳಿಯಿಂದ ಆರಂಭವಾದ ಬಿರುಕನ್ನೋ ಸಂಶಯಿಸಬೇಕು. ಯಾವುದೂ ಮುರಿದಿಲ್ಲ, ಬಾಗು ಮಾತ್ರ ಇಳಿದಿದೆ ಎಂದಾದರೆ ಉಕ್ಕು ದಣಿದಿದೆ.

ಒಂದೇ ಬದಿಗೆ ಪ್ಲೇಟ್ ಹೆಚ್ಚಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಖಾಲಿ ನಿಂತಾಗ ಎತ್ತರ ಸಮವಾಗಿ ಕಾಣಬಹುದು. ಆದರೆ ಎಡದ ಕಮಾನು ಬಲಕ್ಕಿಂತ ಬಿರುಸಾಗಿರುವುದರಿಂದ ಭಾರ ಏರಿದಂತೆ ಬಲಬದಿ ಹೆಚ್ಚು ಇಳಿಯುತ್ತದೆ, ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ತಿರುಗುತ್ತದೆ. ಘಾಟಿಯಲ್ಲಿ ಇದು ಪ್ರಾಣದ ಪ್ರಶ್ನೆ.

ತೋಟಗಾರ, ಸುಂಟಿಕೊಪ್ಪ

ಇಬ್ಬರೂ ಹೇಳಿದಂತೆ ತೊಳೆಸಿ ನೋಡಿದೆ. ಎಡಬದಿಯ ಎರಡನೆಯ ಪ್ಲೇಟ್ ಸೆಂಟರ್ ಬೋಲ್ಟಿನ ತೂತಿನಲ್ಲೇ ಮುರಿದಿದೆ. ಎಡಬದಿಯ ಒಂದು ಯು ಬೋಲ್ಟಿನ ನಟ್ಟನ್ನು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ. ನಟ್ಟಿನ ಬುಡದಲ್ಲಿ ಲೋಹ ಉಜ್ಜಿ ಹೊಳೆಯುತ್ತಿದೆ. ಪಿನ್ನಿನಿಂದ ಆಕ್ಸಲ್ ನಡುವಿಗೆ ಎಡಕ್ಕೂ ಬಲಕ್ಕೂ 11 ಮಿ.ಮೀ. ವ್ಯತ್ಯಾಸವಿದೆ, ಎಡ ಚಕ್ರವೇ ಹಿಂದಿದೆ. ಶ್ಯಾಕಲ್‌ನ ಬುಷ್‌ಗಳಲ್ಲೂ ಲೂಸ್ ಇದೆ.

ಹಳೆಯ ಪ್ಲೇಟ್‌ಗಳನ್ನು ಕಾಯಿಸಿ ಬಾಗು ಕೊಡಿಸಿದರೆ ಹಣ ಉಳಿಯುತ್ತದೆ ಎಂದು ನಮ್ಮ ಚಾಲಕರ ಸಲಹೆ. ಅದು ಸರಿಯೇ?

ಕಮಾನು ಕೆಲಸದವನು, ಕುಶಾಲನಗರ

ಕಮಾನಿನ ಉಕ್ಕಿನಲ್ಲಿ ಸಿಲಿಕಾನ್, ಮ್ಯಾಂಗನೀಸ್, ಕೆಲವದರಲ್ಲಿ ಕ್ರೋಮಿಯಂ ಸೇರಿರುತ್ತವೆ. ಕಾರ್ಖಾನೆಯಲ್ಲಿ ಅದನ್ನು 850 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ, ಮತ್ತೆ 450ರಿಂದ 500 ಡಿಗ್ರಿಯ ಆಸುಪಾಸಿನಲ್ಲಿ ಹದಗೊಳಿಸುತ್ತಾರೆ. ಬಾಗಿಯೂ ಹಿಂದಿನ ಆಕಾರಕ್ಕೆ ಮರಳುವ ಗುಣ ಬರುವುದು ಆ ಹದದಿಂದ. ಗ್ಯಾಸ್ ಕಟ್ಟರಿನ ಬೆಂಕಿಯಲ್ಲಿ ಒಂದೆರಡು ಕಡೆ ಕೆಂಪಗೆ ಕಾಯಿಸಿ ಸುತ್ತಿಗೆಯಿಂದ ಬಗ್ಗಿಸಿದರೆ ಬೆಂಕಿ ತಗುಲಿದ ಜಾಗದಲ್ಲಿ ಹದ ಕೆಡುತ್ತದೆ. ಗಾಳಿಯಲ್ಲಿ ಆರಿದ ಆ ಜಾಗ ಮೆತ್ತಗಾಗಿ ಕೆಲವೇ ದಿನಗಳಲ್ಲಿ ಮತ್ತೆ ಕುಸಿಯುತ್ತದೆ. ನೀರು ಸುರಿದು ಆರಿಸಿದರೆ ಗಾಜಿನಂತೆ ಮುರಿಯುತ್ತದೆ. ಇಡೀ ಪ್ಲೇಟನ್ನು ಕುಲುಮೆಯಲ್ಲಿಟ್ಟು, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಮಾಡುವ ವ್ಯವಸ್ಥೆ ಇರುವವರಲ್ಲಿ ಮಾಡಿಸಿದರೆ ಬೇರೆ ಮಾತು. ತಣ್ಣಗಿರುವಾಗಲೇ ಪ್ರೆಸ್ಸಿನಲ್ಲಿ ಬಾಗು ಕೊಡುವುದು ಬೆಂಕಿಗಿಂತ ಮೇಲು. ಆದರೂ ದಣಿದ ಉಕ್ಕಿಗೆ ಅದರಿಂದ ಹೊಸ ಆಯುಷ್ಯ ಬರುವುದಿಲ್ಲ.

ನಿಮ್ಮ ಸ್ಥಿತಿಯಲ್ಲಿ ನನ್ನ ಸಲಹೆ ಸ್ಪಷ್ಟ. ಎರಡೂ ಬದಿಗೆ ಹೊಸ ಸೆಟ್, ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್ ಮತ್ತು ನಟ್, ಪಿನ್ ಮತ್ತು ಬುಷ್ ಎಲ್ಲವನ್ನೂ ಒಟ್ಟಿಗೆ ಹಾಕಿಸಿ. ಹಳೆಯ ಯು ಬೋಲ್ಟ್ ಒಮ್ಮೆ ಎಳೆದು ಉದ್ದವಾಗಿರುತ್ತದೆ, ಅದರ ಮರೆ (ತಿರುಪಿನ ಗೀರು) ಸವೆದಿರುತ್ತದೆ. ಅದನ್ನು ಮತ್ತೆ ಬಳಸುವುದು ಉಳಿತಾಯವಲ್ಲ. ಸೆಟ್ ಕೊಳ್ಳುವಾಗ ಪ್ಲೇಟುಗಳ ಸಂಖ್ಯೆ, ಅಗಲ, ದಪ್ಪ ಮೂಲದಂತೆಯೇ ಇವೆಯೇ ಎಂದು ನೋಡಿ, ಎರಡು ಸೆಟ್‌ಗಳನ್ನೂ ನೆಲದ ಮೇಲೆ ಪಕ್ಕಪಕ್ಕ ಇಟ್ಟು ಬಾಗನ್ನು ಅಳೆದೇ ತೆಗೆದುಕೊಳ್ಳಿ.

ಜೀಪು ಮಾಲೀಕ, ಮಡಿಕೇರಿ

ಮಧ್ಯೆ ಬಂದುದಕ್ಕೆ ಕ್ಷಮೆಯಿರಲಿ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ನಾಲ್ಕು ಚಕ್ರ ಎಳೆತದ ಜೀಪು ನನ್ನದು. ಮುಂದಿನ ಕಮಾನು ಕುಸಿದು ಸ್ಟಿಯರಿಂಗ್ ಅತ್ತಿತ್ತ ಅಲೆಯುತ್ತಿದೆ. ಆಕ್ಸಲ್ ಸೀಟಿನಲ್ಲಿ ಬೆಣೆ ಪ್ಲೇಟ್ ಇಟ್ಟು ಕ್ಯಾಸ್ಟರ್ ಹೆಚ್ಚಿಸಿಕೊಳ್ಳಬಹುದೇ?

ನಿವೃತ್ತ ಮೆಕ್ಯಾನಿಕ್, ಮಡಿಕೇರಿ

ಕಮಾನು ಸರಿಯಾದ ಎತ್ತರಕ್ಕೆ ಬಂದ ಮೇಲೂ ಕ್ಯಾಸ್ಟರ್ ಕಡಿಮೆಯಿದ್ದರೆ ಮಾತ್ರ ಬೆಣೆ ಇಡಬೇಕು. ಆಕ್ಸಲ್‌ನ ಮೇಲೆ ಕಮಾನು ಕೂತಿರುವ ಲಾರಿಯಲ್ಲಿ ಬೆಣೆಯ ದಪ್ಪ ತುದಿ ಹಿಂದಕ್ಕೆ ಇರಬೇಕು. ಹಳೆಯ ಜೀಪುಗಳಲ್ಲಿರುವಂತೆ ಆಕ್ಸಲ್‌ನ ಕೆಳಗೆ ಕಮಾನಿದ್ದರೆ ದಪ್ಪ ತುದಿ ಮುಂದಕ್ಕೆ ಇರಬೇಕು. ಉಕ್ಕಿನ ಬೆಣೆಯೇ ಆಗಬೇಕು, ಎರಡೂ ಬದಿಗೆ ಒಂದೇ ಕೋನದ್ದಾಗಬೇಕು. ಒಂದೇ ಬದಿಗೆ ಇಟ್ಟರೆ ಆಕ್ಸಲ್ಲನ್ನು ತಿರುಚಿದಂತಾಗುತ್ತದೆ.

ನಿಮ್ಮ ಜೀಪಿನಲ್ಲಿ ಇನ್ನೊಂದು ತೊಡಕಿದೆ. ಮುಂದಿನ ಆಕ್ಸಲ್ಲಿಗೂ ಪ್ರೊಪೆಲ್ಲರ್ ಶಾಫ್ಟ್ ಬರುವುದರಿಂದ, ಕ್ಯಾಸ್ಟರ್ ಹೆಚ್ಚಿಸಲು ಆಕ್ಸಲ್ಲನ್ನು ಹಿಂದಕ್ಕೆ ಉರುಳಿಸಿದಾಗ ಶಾಫ್ಟ್ ಬಂದು ಸೇರುವ ಪಿನಿಯನ್ನಿನ ಮೂತಿ ಕೆಳಗಿಳಿಯುತ್ತದೆ, ಕ್ರಾಸ್ ಜಾಯಿಂಟಿನ ಕೋನ ಕಡಿದಾಗುತ್ತದೆ. ಸ್ವಲ್ಪವೇ ಬದಲಿಸಿ, ಮುಂದಿನ ಎಳೆತ ಹಾಕಿ ಓಡಿಸಿ, ನಡುಕ ಬರುತ್ತದೆಯೇ ಎಂದು ನೋಡಿಕೊಳ್ಳಿ.

ಪಿಕಪ್ ಮಾಲೀಕ, ಗೋಣಿಕೊಪ್ಪ

ನನ್ನ ಪಿಕಪ್‌ನ ಮುಂದೆ ಕಮಾನು ಪ್ಲೇಟ್ ಇಲ್ಲ, ತಿರುಚಿಕೊಂಡು ಸ್ಪ್ರಿಂಗಿನಂತೆ ಭಾರ ಹೊರುವ ಉಕ್ಕಿನ ಸರಳು, ಟಾರ್ಷನ್ ಬಾರ್ ಇದೆ. ಅಲ್ಲೂ ಇದೇ ಕ್ರಮವೇ?

ಅಲೈನ್‌ಮೆಂಟ್ ಕೆಲಸಗಾರ, ವಿರಾಜಪೇಟೆ

ಕ್ರಮ ಅದೇ, ಕಾರಣ ಬೇರೆ. ತಮ್ಮ ಗಾಡಿಯಲ್ಲಿ ಪ್ರತಿ ಚಕ್ರವೂ ತನ್ನದೇ ತೋಳುಗಳ ಮೇಲೆ ಏರಿಳಿಯುವುದರಿಂದ, ಎತ್ತರ ಬದಲಾದ ಕೂಡಲೇ ಕ್ಯಾಂಬರ್ ಮತ್ತು ಟೋ ಎರಡೂ ಬದಲಾಗುತ್ತವೆ. ಟಾರ್ಷನ್ ಬಾರಿನ ಹೊಂದಿಕೆ ಬೋಲ್ಟನ್ನು ತಿರುಗಿಸಿ ಕಂಪನಿ ಕೈಪಿಡಿ ಹೇಳಿದ ಎತ್ತರಕ್ಕೆ ತಂದ ಮೇಲೆಯೇ ಅಲೈನ್‌ಮೆಂಟ್ ಯಂತ್ರಕ್ಕೆ ಹತ್ತಿಸಬೇಕು. ಚಕ್ರಗಳನ್ನು ನೆಲದಿಂದ ಎತ್ತಿ ಬೋಲ್ಟ್ ತಿರುಗಿಸಿ, ಇಳಿಸಿ, ಸ್ವಲ್ಪ ದೂರ ಓಡಿಸಿ ಅಳೆಯಿರಿ. ಹೆಚ್ಚು ಎತ್ತಿದರೆ ಗಾಡಿ ಬಲವಾಗುತ್ತದೆ ಎಂಬುದು ತಪ್ಪು ನಂಬಿಕೆ. ಬಾರಿನ ಬಿರುಸು ಅಷ್ಟೇ ಇರುತ್ತದೆ, ಬಾಲ್ ಜಾಯಿಂಟುಗಳು ಮಾತ್ರ ಬೇಗ ಹಾಳಾಗುತ್ತವೆ. ಬೋಲ್ಟ್ ಪೂರ್ತಿ ತಿರುಗಿ ಮುಗಿದಿದ್ದರೂ ಎತ್ತರ ಬರದಿದ್ದರೆ ಬಾರ್ ಬದಲಿಸುವುದೇ ದಾರಿ.

ಈಗ ತೋಟಗಾರರ ಲಾರಿಗೆ ಬರುತ್ತೇನೆ. ಹೊಸ ಕಮಾನು ಹಾಕಿದ ಮೇಲೆ ಟೈ ರಾಡಿಗೆ ಕೈ ಹಾಕುವ ಮೊದಲು ಕಿಂಗ್ ಪಿನ್ ಮತ್ತು ಬೇರಿಂಗ್ ನೋಡಲೇಬೇಕು. ಆಕ್ಸಲ್ ಕೆಳಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಟೈರಿನ ಮೇಲೂ ಕೆಳಗೂ ಹಿಡಿದು ಅಲುಗಿಸಿ. ಅಲುಗಿದರೆ ಒಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಹಿಡಿದಾಗ ಲೂಸ್ ಮಾಯವಾದರೆ ಅದು ವೀಲ್ ಬೇರಿಂಗಿನದು. ಆಗಲೂ ಉಳಿದರೆ ಕಿಂಗ್ ಪಿನ್ನಿನದು. ಕಿಂಗ್ ಪಿನ್ ಸವೆದ ಗಾಡಿಗೆ ಟೋ ಇಡುವುದು ವ್ಯರ್ಥ, ಏಕೆಂದರೆ ನಿಂತಾಗಿನ ಅಳತೆ ಓಡುವಾಗ ಇರುವುದೇ ಇಲ್ಲ. ಟೈ ರಾಡ್ ಎಂಡುಗಳನ್ನೂ ಕೈಯಿಂದ ಹಿಡಿದು, ಸ್ಟಿಯರಿಂಗ್ ಅತ್ತಿತ್ತ ಆಡಿಸಿ ಪರೀಕ್ಷಿಸಿ.

ಯಂತ್ರ ಸಿಗದಿದ್ದರೂ ಟೋ ಅಳೆಯಬಹುದು. ಮುಂದಿನ ಚಕ್ರವನ್ನು ಎತ್ತಿ ತಿರುಗಿಸುತ್ತ ಟೈರಿನ ನಡುವಿಗೆ ಸೀಮೆಸುಣ್ಣ ಬಳಿದು, ಅಲುಗದಂತೆ ಹಿಡಿದ ಮೊಳೆಯಿಂದ ಸುತ್ತಲೂ ಒಂದು ಸಣ್ಣ ಗೆರೆ ಎಳೆಯಿರಿ. ಎರಡೂ ಚಕ್ರಕ್ಕೆ ಹೀಗೆ ಮಾಡಿ, ಕೆಳಗಿಳಿಸಿ, ಸ್ಟಿಯರಿಂಗ್ ನೇರವಿಟ್ಟು ಲಾರಿಯನ್ನು ಕೆಲವು ಮೀಟರ್ ಮುಂದಕ್ಕೆ ತಳ್ಳಿ ನಿಲ್ಲಿಸಿ. ಹಿಂದಕ್ಕೆ ತಳ್ಳಿ ಅಳೆಯಬಾರದು. ಜಾಯಿಂಟುಗಳ ಲೂಸ್ ತಿರುಗುಮುರುಗಾಗಿ ಅಳತೆ ಸುಳ್ಳಾಗುತ್ತದೆ. ಆಮೇಲೆ ಹಬ್ಬಿನ ಮಟ್ಟದಲ್ಲಿ, ಟೈರುಗಳ ಮುಂಬದಿಯಲ್ಲಿ ಗೆರೆಯಿಂದ ಗೆರೆಗೆ ಒಮ್ಮೆ, ಹಿಂಬದಿಯಲ್ಲಿ ಒಮ್ಮೆ ಅಳೆಯಿರಿ. ಮುಂದಿನ ಅಳತೆ ಕಡಿಮೆಯಿದ್ದರೆ ಟೋ ಇನ್. ಇಂತಹ ಲಾರಿಗಳಿಗೆ ಸಾಮಾನ್ಯವಾಗಿ ಕೆಲವೇ ಮಿ.ಮೀ. ಟೋ ಇನ್ ಇರುತ್ತದೆ; ನಿಮ್ಮ ಮಾದರಿಯ ಕೈಪಿಡಿಯಲ್ಲಿರುವ ಅಂಕಿಯನ್ನೇ ಹಿಡಿಯಬೇಕು.

ಕೆಲವು ಮಿ.ಮೀ. ಏನು ಮಹಾ ಎನ್ನುವವರಿಗೆ ನಾನು ಈ ಲೆಕ್ಕ ಕೊಡುತ್ತೇನೆ. ಟೈರಿನ ವ್ಯಾಸ 800 ಮಿ.ಮೀ. ಇದ್ದು ಟೋ 8 ಮಿ.ಮೀ. ಹೆಚ್ಚಿದ್ದರೆ ಪ್ರತಿ ಚಕ್ರದ ಪಾಲಿಗೆ 4 ಮಿ.ಮೀ. ಓರೆ ಬರುತ್ತದೆ, ಅಂದರೆ ಇನ್ನೂರರಲ್ಲಿ ಒಂದು ಭಾಗ. ಒಂದು ಕಿಲೋಮೀಟರ್ ಓಡಿದರೆ ಆ ಟೈರನ್ನು 5 ಮೀಟರ್ ಪಕ್ಕಕ್ಕೆ ರಸ್ತೆಯ ಮೇಲೆ ಉಜ್ಜಿದಷ್ಟು ಸವೆತ. ಟೈರಿನ ಮೇಲೆ ಅಂಗೈ ಆಡಿಸಿದರೂ ಇದು ಗೊತ್ತಾಗುತ್ತದೆ: ಒಳಗಿನಿಂದ ಹೊರಗೆ ಸವರಿದಾಗ ಅಂಚುಗಳು ಚುಚ್ಚಿ, ಹೊರಗಿನಿಂದ ಒಳಗೆ ನುಣುಪಾಗಿದ್ದರೆ ಟೋ ಇನ್ ಹೆಚ್ಚಾಗಿದೆ, ತಿರುಗುಮುರುಗಾಗಿದ್ದರೆ ಟೋ ಔಟ್ ಆಗಿದೆ.

ಕೊನೆಗೆ, ಎಲ್ಲವೂ ಸರಿಯಿದ್ದು ಸ್ಟಿಯರಿಂಗ್ ಚಕ್ರ ಮಾತ್ರ ಓರೆ ನಿಂತರೆ ಅದನ್ನು ಸ್ಟಿಯರಿಂಗ್ ಬಾಕ್ಸನ್ನು ಚಕ್ರಕ್ಕೆ ಜೋಡಿಸುವ ಡ್ರ್ಯಾಗ್ ಲಿಂಕಿನಲ್ಲಿ ಸರಿಪಡಿಸಬೇಕು, ಟೈ ರಾಡ್ ಮುಟ್ಟಬಾರದು.

ನಿವೃತ್ತ ಮೆಕ್ಯಾನಿಕ್, ಮಡಿಕೇರಿ

ಒಂದು ಪರೀಕ್ಷೆ ಬಿಟ್ಟುಹೋಗಿದೆ. ಹಿಂದಿನ ಎಡ ಕಮಾನು ಕುಸಿದಿದ್ದರೂ ಚಾಸಿ ಎಡಕ್ಕೆ ವಾಲಿ ಮುಂದಿನ ಎಡಬದಿ ಸ್ವಲ್ಪ ತಗ್ಗಿದಂತೆ ಕಾಣಬಹುದು. ಆದ್ದರಿಂದ ಕೆಲಸ ಮುಗಿದ ಮೇಲೆ, ಚಾಸಿಯ ಹಿಂಭಾಗದ ಅಡ್ಡಪಟ್ಟಿಯ ನಟ್ಟನಡುವೆ ಜಾಕ್ ಕೊಟ್ಟು, ಹಿಂದಿನ ಕಮಾನುಗಳ ಮೇಲಿನ ಭಾರ ಇಳಿಯುವಷ್ಟು ಎತ್ತಿ, ಮುಂದಿನ ಎತ್ತರವನ್ನು ಮತ್ತೊಮ್ಮೆ ಅಳೆಯಿರಿ. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟಿರಬೇಕು, ಯಾರೂ ಗಾಡಿಯಡಿ ಇರಬಾರದು. ಆಗ ಮುಂಭಾಗ ಸಮವಾಗಿ ಬಂದರೆ ದೋಷ ಹಿಂದಿದೆ.

ಭಾರ ತುಂಬುವ ರೀತಿಯನ್ನೂ ನೋಡಿ. ಮೂಟೆಗಳನ್ನೆಲ್ಲ ಕ್ಯಾಬಿನ್ನಿಗೆ ಒತ್ತಿ ಪೇರಿಸುವ ರೂಢಿ ನಮ್ಮಲ್ಲಿದೆ. ವೀಲ್‌ಬೇಸ್ 3 ಮೀಟರ್ ಇರುವ ಲಾರಿಯಲ್ಲಿ ಸರಕಿನ ಭಾರಕೇಂದ್ರ ಹಿಂದಿನ ಆಕ್ಸಲ್‌ನಿಂದ ಅರ್ಧ ಮೀಟರ್ ಮುಂದಿದ್ದರೆ ಸರಕಿನ ಆರನೆಯ ಒಂದು ಪಾಲು ಮುಂದಿನ ಆಕ್ಸಲ್ಲಿಗೆ ಬೀಳುತ್ತದೆ. ಒಂದು ಮೀಟರ್ ಮುಂದಿದ್ದರೆ ಮೂರನೆಯ ಒಂದು ಪಾಲು. 50 ಕೆ.ಜಿ.ಯ 40 ಮೂಟೆ ಅಂದರೆ 2,000 ಕೆ.ಜಿ. ಹಾಗೆ ಪೇರಿಸಿದ್ದರಿಂದಲೇ ಮುಂದಿನ ಕಮಾನುಗಳ ಮೇಲೆ 330 ಕೆ.ಜಿ.ಗಿಂತ ಹೆಚ್ಚು ಭಾರ ಅಧಿಕವಾಯಿತು. ಅದೇ ಸರಕು, ಅದೇ ಲಾರಿ, ಪೇರಿಸಿದ ರೀತಿ ಮಾತ್ರ ಬೇರೆ.

ತೋಟಗಾರ, ಸುಂಟಿಕೊಪ್ಪ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡೂ ಬದಿಗೆ ಹೊಸ ಸೆಟ್, ಯು ಬೋಲ್ಟ್, ಪಿನ್, ಬುಷ್ ಹಾಕಿಸಿದ್ದೇವೆ. ಎತ್ತರದ ವ್ಯತ್ಯಾಸ 3 ಮಿ.ಮೀ.ಗೆ ಇಳಿದಿದೆ, ಪಿನ್ನಿನಿಂದ ಆಕ್ಸಲ್ಲಿಗೆ ಎರಡೂ ಬದಿ ಒಂದೇ ಅಳತೆ ಬರುತ್ತಿದೆ. ಕಿಂಗ್ ಪಿನ್ನಿನಲ್ಲಿ ಲೂಸ್ ಇಲ್ಲ, ಎಡ ವೀಲ್ ಬೇರಿಂಗನ್ನು ಬಿಗಿ ಮಾಡಿಸಬೇಕಾಯಿತು. ಹಿಂದಿನ ಕಮಾನು ಸರಿಯಾಗಿದೆ. ಸೀಮೆಸುಣ್ಣದ ಗೆರೆ ಎಳೆದು ಅಳೆದಾಗ ಟೋ ಇನ್ ಹೆಚ್ಚೇ ಇತ್ತು. ಹಿಂದೆ ಅಲೈನ್‌ಮೆಂಟ್ ಮಾಡಿದವರು ಎಡದ ಎಳೆತವನ್ನು ಟೈ ರಾಡಿನಲ್ಲೇ ಸರಿದೂಗಿಸಲು ನೋಡಿರಬೇಕು. ಈಗ ಕೈಪಿಡಿಯ ಅಳತೆಗೆ ತಂದಿದ್ದೇವೆ. ಸ್ಟಿಯರಿಂಗ್ ತಿರುವಿನ ನಂತರ ತಾನಾಗಿ ಮರಳುತ್ತಿದೆ.

ಎರಡು ಪ್ರಶ್ನೆಗಳು ಉಳಿದಿವೆ. ಯು ಬೋಲ್ಟನ್ನು ಮತ್ತೆ ಯಾವಾಗ ಬಿಗಿ ಮಾಡಬೇಕು? ಮಳೆಗಾಲದಲ್ಲಿ ಕಮಾನಿಗೆ ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿ ಒಳ್ಳೆಯದೇ?

ಕಮಾನು ಕೆಲಸದವನು, ಕುಶಾಲನಗರ

ಭಾರ ತುಂಬಿ ಮೊದಲ ಓಡಾಟ ಮುಗಿಸಿ ಬಂದ ಕೂಡಲೇ ಒಮ್ಮೆ, ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಗಾಡಿ ಚಕ್ರಗಳ ಮೇಲೆ ನಿಂತಿರಬೇಕು, ಜಾಕಿನ ಮೇಲಲ್ಲ. ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ, ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದ ಅಂಕಿಗೆ ಬಿಗಿ ಮಾಡಬೇಕು. ಪೈಪ್ ಹಾಕಿ ನೇತಾಡಿ ಬಿಗಿ ಮಾಡಿದರೆ ಮರೆ ಕೀಳುತ್ತದೆ. ಹೊಸ ಪ್ಲೇಟುಗಳು ಒಂದಕ್ಕೊಂದು ಕೂತುಕೊಳ್ಳುವಾಗ ಎತ್ತರ ಕೆಲವು ಮಿ.ಮೀ. ಇಳಿಯುವುದು ಸಹಜ. ಎರಡೂ ಬದಿ ಸಮವಾಗಿ ಇಳಿದರೆ ಆತಂಕ ಬೇಡ. ಆ ನಂತರ ಟೋ ಇನ್ನೊಮ್ಮೆ ಅಳೆಯಿಸಿ.

ಹಳೆಯ ಆಯಿಲ್ ಬಳಿಯಬೇಡಿ. ಅದು ಧೂಳು ಮತ್ತು ಮರಳನ್ನು ಹಿಡಿದಿಟ್ಟುಕೊಂಡು ಪ್ಲೇಟುಗಳ ನಡುವೆ ಅರೆಯುತ್ತದೆ, ರಬ್ಬರ್ ಬುಷ್ ಇದ್ದರೆ ಅದನ್ನು ಊದಿಸುತ್ತದೆ, ಬ್ರೇಕ್ ಲೈನಿಂಗಿಗೆ ತಾಗಿದರೆ ಅಪಾಯ. ಮಳೆಗಾಲದಲ್ಲಿ ಕೆಸರನ್ನು ಆಗಾಗ ತೊಳೆಸಿ. ನಿಪ್ಪಲ್ ಇರುವ ಪಿನ್‌ಗಳಿಗೆ ಕಪ್ಪು ಗ್ರೀಸ್ ಹೊರಬಂದು ಹೊಸ ಗ್ರೀಸ್ ಕಾಣುವವರೆಗೆ ಗನ್ ಹೊಡೆಸಿ. ಮಳೆಯ ತಿಂಗಳುಗಳಲ್ಲಿ ಈ ಕೆಲಸವನ್ನು ಬೇಸಿಗೆಗಿಂತ ಹೆಚ್ಚು ಬಾರಿ ಮಾಡಬೇಕು, ಏಕೆಂದರೆ ನೀರಿನೊಂದಿಗೆ ಹೋದ ಮಣ್ಣು ಬುಷ್‌ಗಳನ್ನು ಬೇಗ ತಿನ್ನುತ್ತದೆ. ಮುಂದೆ ಎಂದಾದರೂ ಕಮಾನು ಬಿಚ್ಚಿದಾಗ ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿ ಕಟ್ಟಿಸಿ.

ಘಾಟಿ ಚಾಲಕ, ಸಂಪಾಜೆ

ಚಾಲಕರಿಗೆ ಒಂದು ಮಾತು ಸೇರಿಸಿ ಹೇಳಿ: ಬೆಳಿಗ್ಗೆ ಗಾಡಿ ಹೊರಡಿಸುವ ಮುನ್ನ ಯು ಬೋಲ್ಟಿನ ನಟ್ಟಿಗೂ ಅದರ ಪಕ್ಕದ ಲೋಹಕ್ಕೂ ಅಡ್ಡಲಾಗಿ ಒಂದು ಬಿಳಿ ಪೇಂಟ್ ಗೆರೆ ಎಳೆದಿಟ್ಟಿದ್ದರೆ, ಬಗ್ಗಿ ನೋಡಿದ ಕೂಡಲೇ ನಟ್ ತಿರುಗಿದೆಯೋ ಇಲ್ಲವೋ ತಿಳಿಯುತ್ತದೆ. ಗೆರೆ ಮುರಿದಿದ್ದರೆ ಆ ದಿನ ಲೋಡ್ ಹಾಕುವ ಮೊದಲು ಸ್ಪ್ಯಾನರ್ ಹಿಡಿಯಲಿ.